ಹೂ ಮುಡಿದು ಹುಳುಮನೆಗೆ ಹೋದವಳು

ಆ ಜಾಹೀರಾತಿನ ಹೆಂಗಸನ್ನು ನಾನು ಮೊದಲು ನೋಡಿದ್ದು ಒಂದು ಭಾನುವಾರ ಸಾಯಂಕಾಲ, ಅಣ್ಣನ ಮನೆಯ ಪಡಸಾಲೆಯಲ್ಲಿ, ರಾಗಿ ಮೂಟೆಗೆ ಒರಗಿಕೊಂಡು. ನಾನು ಹುಟ್ಟಿ ಬೆಳೆದ ಮನೆಯೇ ಅದು. ಆದರೆ ಗಂಡ ಸತ್ತು ವಾಪಸು ಬಂದಮೇಲೆ ಅದನ್ನು ಅಣ್ಣನ ಮನೆ ಅನ್ನುವುದೇ ನನಗೂ ರೂಢಿಯಾಗಿತ್ತು. ಎಂಬತ್ತರ ದಶಕದ ಮಧ್ಯದ ಮಾತು. ಊರು ಶ್ರೀನಿವಾಸಪುರಕ್ಕೆ ಹತ್ತಿರ. ಸುತ್ತ ಮಾವಿನ ತೋಪು, ನಡುವೆ ನಮ್ಮಂಥವರ ಹಿಪ್ಪುನೇರಳೆ ಹೊಲ. ಆ ವರ್ಷ ರೇಷ್ಮೆಗೂಡಿಗೆ ಒಳ್ಳೆ ರೇಟು ಸಿಕ್ಕಿತ್ತೆಂದು ಅಣ್ಣ ಕೋಲಾರದಿಂದ ಒಂದು ಬ್ಲ್ಯಾಕ್ ಅಂಡ್ ವೈಟ್ ಟಿ.ವಿ. ತಂದಿದ್ದ. ಭಾನುವಾರ ಸಿನಿಮಾ ಹೊತ್ತಿಗೆ ಅರ್ಧ ಊರು ನಮ್ಮ ಪಡಸಾಲೆಯಲ್ಲಿ ಇರುತ್ತಿತ್ತು. ಗಂಡಸರು ಮುಂದೆ, ಮಕ್ಕಳು ಅವರ ಕಾಲ ಸಂದಿಯಲ್ಲಿ, ಮುತ್ತೈದೆಯರು ಗೋಡೆ ಪಕ್ಕ, ನಾನು ಮೂಟೆ ಪಕ್ಕ. ಹೀಗೆ ಕೂರಿ ಅಂತ ಯಾರೂ ಹೇಳಿರಲಿಲ್ಲ.

ಸಿನಿಮಾಕ್ಕೆ ಮುಂಚೆ ಸೋಪು, ಟೂತ್‌ಪೇಸ್ಟು, ಪ್ರೆಶರ್ ಕುಕ್ಕರುಗಳ ಜಾಹೀರಾತು ಬರುತ್ತಿದ್ದವು. ಅವುಗಳ ಮಧ್ಯೆ ಒಂದು ರೇಷ್ಮೆ ಸೀರೆಯದು. ಹಿಪ್ಪುನೇರಳೆ ತೋಟದಲ್ಲಿ ಒಬ್ಬ ಹೆಂಗಸು ನಡೆದು ಬರುತ್ತಾಳೆ. ಮೂಗಲ್ಲಿ ದೊಡ್ಡ ನತ್ತು, ಸೊಂಟಕ್ಕೆ ಡಾಬು, ಜಡೆಯ ತುಂಬ ಮೊಳಗಟ್ಟಲೆ ಮಲ್ಲಿಗೆ. ಎರಡು ಬೆರಳಲ್ಲಿ ಒಂದೇ ಒಂದು ಎಲೆ ಕೀಳುತ್ತಾಳೆ. ಆಮೇಲೆ ರೇಷ್ಮೆಹುಳು ಸಾಕುವ ಹುಳುಮನೆಯೊಳಗೆ ಹೋಗಿ ಹುಳು ತುಂಬಿದ ಬಿದಿರಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ನಗುತ್ತಾಳೆ. ಅಂಗೈಯಲ್ಲೊಂದು ಗೂಡು, ಅದು ಕರಗಿ ನೂಲಾಗುತ್ತದೆ, ನೂಲು ಸೀರೆಯಾಗುತ್ತದೆ. ಕನ್ನಡಿಯ ಮುಂದೆ ಒಬ್ಬ ಹುಡುಗಿ, ಹಸೆಮಣೆಯ ಮೇಲೆ ಒಬ್ಬ ಮದುಮಗಳು, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿ, ಕೊನೆಗೆ ನರೆತ ಕೂದಲಿನ ಅಜ್ಜಿ, ಅವಳ ಹೆಗಲ ಮೇಲೆ ಗಂಡನ ಕೈ. ಒಂದು ದೀಪ ಬೆಳಗುತ್ತದೆ. ಗಂಡಸಿನ ದಪ್ಪ ದನಿಯೊಂದು, ಹೆಣ್ಣಿನ ಬಾಳಿನ ಪ್ರತಿಯೊಂದು ಶುಭ ಗಳಿಗೆಗೂ ರೇಷ್ಮೆ, ಅನ್ನುತ್ತದೆ. ಮುಗಿಯಿತು.

ಪಡಸಾಲೆ ತುಂಬ ನಗು. ಹೊಟ್ಟೆ ಹಿಡಿದುಕೊಂಡು ನಕ್ಕರು.

“ಲೇ, ಹೂ ಮುಡ್ಕೊಂಡು ಹುಳುಮನೆಗೆ ಹೋಗವ್ಳೆ ನೋಡ್ರೋ! ಬೆಳೆ ಎದ್ದೋಯ್ತು ಅಂತ್ಲೇ ಲೆಕ್ಕ!” ಅಂದರು ಒಬ್ಬರು.

“ಒಂದೊಂದೇ ಎಲೆ ಕಿತ್ರೆ ಹುಳ ಹಸ್ಕೊಂಡೇ ಸಾಯ್ತವೆ ಕಣೋ, ಹೂವು ಯಾಕೆ ಬೇಕು,” ಅಂದ ಅಣ್ಣ.

ನಾನೂ ನಕ್ಕೆ. ಅವರೆಲ್ಲರಿಗಿಂತ ಜೋರಾಗಿ ನಕ್ಕೆ ಅಂತಲೇ ನೆನಪು, ಯಾಕೆಂದರೆ ಆ ಮನೆಯ ಹುಳುಮನೆಗೆ ಒಡತಿ ನಾನು.

ನಮ್ಮ ಕಡೆ ಹುಳುಮನೆಗೆ ಒಂದು ಮಡಿ ಇತ್ತು. ಹುಳು ಮೊಟ್ಟೆಯೊಡೆದ ದಿನದಿಂದ ಗೂಡು ಬಿಡಿಸುವ ತನಕ ಒಳಗೆ ಹೋಗುವವರು ಹೂ ಮುಡಿಯಬಾರದು, ಅರಿಶಿನ ಹಚ್ಚಬಾರದು, ಘಮಘಮಿಸುವ ಎಣ್ಣೆ ತಲೆಗೆ ಸೋಕಬಾರದು. ವಾಸನೆ ತಗುಲಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ ಅನ್ನುತ್ತಿದ್ದರು. ಈಗ ಯೋಚಿಸಿ, ಮುತ್ತೈದೆಯಾದವಳು ವರ್ಷಕ್ಕೆ ನಾಲ್ಕೈದು ಬೆಳೆ, ಅಷ್ಟೂ ದಿನ ಹೂವು ಅರಿಶಿನ ಬಿಟ್ಟು ಹೇಗಿದ್ದಾಳು? ಬಿಟ್ಟರೆ ಗಂಡನ ಆಯುಸ್ಸಿಗೆ ಕೇಡು, ಬಿಡದಿದ್ದರೆ ಹುಳುವಿನ ಆಯುಸ್ಸಿಗೆ ಕೇಡು. ಆದ್ದರಿಂದ ಹೂವೂ ಅರಿಶಿನವೂ ಇಲ್ಲದ ಒಬ್ಬಳು ಮನೆಯಲ್ಲಿದ್ದರೆ ಅದು ಅನುಕೂಲ. ಮದುವೆ ಮನೆಯಲ್ಲಿ ಎದುರು ಬರಬಾರದವಳು ಹುಳುಮನೆಗೆ ಮಾತ್ರ ಬೇಕೇ ಬೇಕು. ನಾನು ಇಪ್ಪತ್ತು ದಾಟುವ ಮುಂಚೆಯೇ ಆ ಅನುಕೂಲವಾಗಿ ವಾಪಸು ಬಂದಿದ್ದೆ. ಕೋಲಾರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು, ಕಾಮಾಲೆಯಾಗಿ ಆತ ಹೋದ. ಅತ್ತು ಮುಗಿಸುವ ಮುಂಚೆಯೇ ಹುಳುಮನೆಯ ಬೀಗದಕೈ ನನ್ನ ಸೊಂಟದಲ್ಲಿತ್ತು.

ಕೆಲಸ ನನಗೆ ಬೇಸರವಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಹುಳುಗಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುತ್ತವೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳುವಿನ ಹತ್ತಿರ ಜೋರಾಗಿ ಮಾತಾಡುವಂತಿಲ್ಲ. ಆದರೆ ನನಗೆ ಮಾತಾಡಲು ಅಲ್ಲಿ ಯಾರಿದ್ದರು? ಸೊಪ್ಪಿನ ಮಂಕರಿಯನ್ನು ಅತ್ತಿಗೆ ಬಾಗಿಲ ಹೊರಗೇ ಇಟ್ಟು ಹೋಗುತ್ತಿದ್ದಳು. ಊಟವೂ ಅಲ್ಲಿಗೇ ಬರುತ್ತಿತ್ತು. ಟಿ.ವಿ. ಬರುವ ಮುಂಚೆ ಒಂದೊಂದು ಬೆಳೆಯಲ್ಲಿ ಬೇರೆ ಮನುಷ್ಯರ ಮುಖವನ್ನು ಹೊಸಲಿನಾಚೆ ಬಿಟ್ಟರೆ ನೋಡುತ್ತಲೇ ಇರಲಿಲ್ಲ. ಒಂಟಿತನ ಅನ್ನುವ ಮಾತು ಆಗ ನನಗೆ ಹೊಳೆದಿರಲಿಲ್ಲ, ಕೆಲಸ ಅಂದುಕೊಂಡಿದ್ದೆ.

ಟಿ.ವಿ. ಬಂದ ಕಾಲದಲ್ಲಿ ನಾನು ಒಂದು ಸುದ್ದಿಗೆ ಕಾಯುತ್ತಿದ್ದೆ. ಮುಳಬಾಗಿಲಿನಲ್ಲಿ ನಮ್ಮ ಸೋದರತ್ತೆಯ ಮನೆ. ಯುಗಾದಿ ಕಳೆದು ಅಲ್ಲಿಗೆ ಹೋಗಿದ್ದಾಗ ಪಕ್ಕದ ಮನೆಯ ಮೇಷ್ಟ್ರೊಬ್ಬರು ಬಂದು ಜಗಲಿಯ ಮೇಲೆ ಕೂತಿದ್ದರು. ಹೆಂಡತಿ ತೀರಿಹೋಗಿ ಒಂದೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನು ನೀರು ಕೊಟ್ಟೆ. ಲೋಟ ವಾಪಸು ಕೊಡುತ್ತಾ, “ನೀವು ಎಷ್ಟರವರೆಗೆ ಓದಿದೀರಿ?” ಅಂದರು. ಶ್ರೀನಿವಾಸಪುರದಲ್ಲಿ ಪಿ.ಯು.ಸಿ. ಮುಗಿಸಿದೀನಿ ಅಂದೆ. “ಮತ್ತೆ ಈಗ ಏನ್ ಓದ್ತಾ ಇದೀರಿ?” ಅಂದರು. ವಾಪಸು ಬಂದಮೇಲೆ ನನ್ನನ್ನು ಯಾರಾದರೂ ಕೇಳಿದ್ದ ಪ್ರಶ್ನೆಗಳು ಸೊಪ್ಪು ಸಾಕಾಯಿತಾ, ಹುಳು ಎಷ್ಟನೇ ಜ್ವರ ಎದ್ದಿತು, ಇಂಥವೇ. ಏನೂ ಓದ್ತಾ ಇಲ್ಲ ಅಂದೆ. ನಾನು ಊರಿಗೆ ಹೊರಡುವ ದಿನ ಸೋದರತ್ತೆ ಕಿವಿಯಲ್ಲಿ ಹೇಳಿದಳು: “ಮೇಷ್ಟ್ರು ಕೇಳ್ತಾವ್ರೆ ಕಣೇ ನಿನ್ನ. ನಿಮ್ಮಣ್ಣನಿಗೆ ಹೇಳಿಕಳಿಸ್ತೀನಿ, ಆಯ್ತಾ?” ನಾನು ತಲೆ ತಗ್ಗಿಸಿದೆ. ಒಪ್ಪಿಗೆ ಅಂತಲೇ ಅರ್ಥ. ನಮ್ಮಲ್ಲಿ ಅಂಥ ಮದುವೆ ಇಲ್ಲದ್ದೇನಲ್ಲ. ವಾಲಗವಿಲ್ಲದೆ, ಹೊತ್ತು ಮುಳುಗುವಾಗ ಒಂದು ಸೀರೆ ಉಡಿಸಿ ಕರೆದುಕೊಂಡು ಹೋಗುತ್ತಿದ್ದರು. ನನಗೆ ವಾಲಗ ಬೇಕಿರಲಿಲ್ಲ.

ಅಲ್ಲಿಂದ ಮುಂದೆ ಮುಳಬಾಗಿಲು ಕಡೆಯ ಬಸ್ಸು ಬಂದಾಗಲೆಲ್ಲ ನನ್ನ ಕಿವಿ ಬಾಗಿಲಲ್ಲಿರುತ್ತಿತ್ತು. ಬೇಸಿಗೆ ಹೋಯಿತು, ತೋಪುಗಳಿಂದ ಮಾವಿನ ಲಾರಿಗಳೂ ಹೋದವು. ಯಾರೂ ಏನೂ ಹೇಳಲಿಲ್ಲ. ಕೇಳುವ ಬಾಯಿ ನನಗಿರಲಿಲ್ಲ. ಆ ತಿಂಗಳುಗಳಲ್ಲಿ ನನಗೆ ಜೊತೆಯಾದವಳೆಂದರೆ ಭಾನುವಾರದ ಆ ನತ್ತಿನ ಹೆಂಗಸು.

ಪ್ರತಿ ವಾರ ನೋಡಿ ನೋಡಿ ಅವಳನ್ನು ಎಳೆ ಎಳೆಯಾಗಿ ಬಿಚ್ಚತೊಡಗಿದೆ. ಮೊದಲು ಕಂಡದ್ದು ಅವಳ ವೇಷ. ಆ ನತ್ತು ನಮ್ಮ ಕಡೆಯದಲ್ಲ, ಸೀರೆ ಉಟ್ಟ ರೀತಿಯಂತೂ ಯಾವ ಕಡೆಯದೂ ಅಲ್ಲ. ಪಟ್ಟಣದವರು ಹಳ್ಳಿ ಹೆಂಗಸು ಅಂದರೆ ಹೀಗಿರಬೇಕು ಅಂದುಕೊಂಡು ಸಿಕ್ಕಿದ್ದನ್ನೆಲ್ಲ ಹೇರಿದ್ದರು. ಹೊಲದಲ್ಲಿ ಬೆವರಿಲ್ಲ, ಬೆರಳಲ್ಲಿ ಸೊಪ್ಪಿನ ಕಲೆಯಿಲ್ಲ. ಒಂದೇ ಎಲೆ ಕೀಳುವುದೂ ಸುಮ್ಮನೆ ಅಲ್ಲ ಅನ್ನಿಸಿತು. ಮಂಕರಿಗಟ್ಟಲೆ ಸೊಪ್ಪು ಹೊರುವವಳನ್ನು ತೋರಿಸಿದರೆ ಅದು ದುಡಿಮೆ. ಒಂದೆಲೆ ಕೀಳುವವಳನ್ನು ತೋರಿಸಿದರೆ ಅದು ಲಾವಣ್ಯ. ದುಡಿಮೆ ನೆನಪಾದರೆ ಸೀರೆಯ ರೇಟು ಕೇಳುವವರ ಮನಸ್ಸು ಕೆಡುತ್ತದೆ. ಹುಳುವಿನ ತಟ್ಟೆಯನ್ನು ಅವಳು ಆರತಿ ತಟ್ಟೆಯ ಹಾಗೆ ಹಿಡಿದಿದ್ದಳು. ಹಾಗೆ ಹಿಡಿದ ಕೂಡಲೇ ಹುಳುಮನೆ ದೇವರಮನೆಯಾಯಿತು. ಹಿಕ್ಕೆಯ ನಾತವಿಲ್ಲ, ಸತ್ತ ಹುಳುವನ್ನು ಆರಿಸಿ ಎಸೆಯುವುದಿಲ್ಲ. ಗೂಡು ನೂಲಾಗುವಾಗ ಕುದಿಯುವ ನೀರೂ ಇಲ್ಲ. ಒಳಗಿನ ಜೀವ ಎಲ್ಲಿ ಹೋಯಿತು ಅಂತ ಯಾರಾದರೂ ಕೇಳಿಬಿಟ್ಟರೆ ಕಷ್ಟ.

ಕನ್ನಡಿಯ ಹುಡುಗಿಯ ಮೇಲೆ ನನಗೆ ಸಿಟ್ಟೇ ಬರುತ್ತಿತ್ತು. ಅವಳು ತನ್ನನ್ನು ನೋಡಿಕೊಳ್ಳುತ್ತಿರಲಿಲ್ಲ, ನೋಡಲು ಬರುವವರ ಕಣ್ಣಿಂದ ತನ್ನನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಮದುಮಗಳ ಕಣ್ಣು ನೆಲದ ಮೇಲೆ. ತಾಯಿಯ ಕಣ್ಣು ಮಗುವಿನ ಮೇಲೆ, ಮಗುವೂ ಗಂಡೇ. ಅಜ್ಜಿಯ ಕಣ್ಣು ಗಂಡನ ಮೇಲೆ. ಅಷ್ಟೂ ಜನ ಹೆಂಗಸರಲ್ಲಿ ಒಬ್ಬಳೂ ಎದುರಿಗಿರುವ ನಮ್ಮನ್ನು ನೇರ ನೋಡುವುದಿಲ್ಲ, ಒಬ್ಬಳೂ ಬಾಯಿ ಬಿಡುವುದಿಲ್ಲ. ಹೆಣ್ಣಿನ ಬಾಳಿನ ಬಗ್ಗೆ ಮಾತಾಡುವವನು ಮಾತ್ರ ಗಂಡಸು, ಅವನ ಮುಖ ಯಾರೂ ಕಂಡಿಲ್ಲ.

ಆ ಅಜ್ಜಿಯ ಮೇಲೆ ಬಂದು ನನ್ನ ಕಣ್ಣು ನಿಲ್ಲುತ್ತಿತ್ತು. ಶುಭ ಗಳಿಗೆಗಳ ಸಾಲಿನಲ್ಲಿ ಕೊನೆಯದು ಅದು: ಗಂಡನ ಕೈ ಹೆಗಲ ಮೇಲಿರುವ ಮುದಿತನ. ಹುಡುಗಿಯಿಂದ ಅಜ್ಜಿಯವರೆಗೆ ದಾರಿ ನೇರ, ಎಲ್ಲೂ ಒಂದು ತಿರುವಿಲ್ಲ, ಯಾರೂ ನಡುವೆ ಬಿದ್ದುಹೋಗುವುದಿಲ್ಲ. ನನ್ನಂಥವಳನ್ನು ಆ ಜಾಹೀರಾತು ಕೆಟ್ಟದಾಗಿ ತೋರಿಸಲಿಲ್ಲ. ತೋರಿಸಲೇ ಇಲ್ಲ. ತಮಾಷೆಯೆಂದರೆ, ನಮ್ಮ ಟಿ.ವಿ.ಗೆ ಬಣ್ಣವಿರಲಿಲ್ಲವಲ್ಲ, ಮದುಮಗಳ ಸೀರೆಯೂ ನಾನು ಉಟ್ಟಿದ್ದ ಮಾಸಲು ಸೀರೆಯೂ ಒಂದೇ ಬೂದಿಬಣ್ಣ ಕಾಣುತ್ತಿದ್ದವು. ಅತ್ತಿಗೆ ಮಾತ್ರ, “ಅದು ಮೆಂತ್ಯದ ಬಣ್ಣ ಕಣೇ, ಅಂಚು ಕೆಂಪು,” ಅಂತ ಖಾತ್ರಿಯಾಗಿ ಹೇಳುತ್ತಿದ್ದಳು. ಅವಳಿಗೆ ಕಾಣುತ್ತಿತ್ತೋ ಏನೋ.

ಇದನ್ನೆಲ್ಲ ಯಾರ ಹತ್ತಿರ ಹೇಳಲಿ? ಒಂದು ಸಲ ಅತ್ತಿಗೆಗೆ ಹೇಳಲು ಹೋದೆ. “ಒಂದು ಸೀರೆ ನೋಡಿ ಇಷ್ಟೆಲ್ಲ ಯೋಚ್ನೆ ಮಾಡ್ತಾರೇನೇ? ಚೆನ್ನಾಗೈತೆ ಅಂದ್ರೆ ಮುಗೀತು,” ಅಂದಳು. ಮೇಷ್ಟ್ರಾಗಿದ್ದರೆ ಕೇಳಿಸಿಕೊಳ್ಳುತ್ತಿದ್ದರು ಅನ್ನಿಸಿತು. ಅವರಿಗೆ ಹೇಳಬೇಕಾದ ಮಾತುಗಳನ್ನು ಹುಳುಗಳ ಮುಂದೆ ಒಪ್ಪಿಸುತ್ತಿದ್ದೆ, ಸಣ್ಣ ದನಿಯಲ್ಲಿ.

ದಸರಾ ಆದಮೇಲೆ ಸೋದರತ್ತೆ ಬಂದಳು. ಹುಳುಮನೆಯ ಹೊಸಲಿನಾಚೆ ನಿಂತು, ಮುಖ ಗಂಟಿಕ್ಕಿಕೊಂಡು, “ಏಮ್ಮಾ, ನೀಕೇಮೈಂದಿ? ಏನಾಯ್ತೇ ನಿನಗೆ? ಅಷ್ಟು ಒಳ್ಳೆ ಮನುಷ್ಯನ್ನ ಬೇಡ ಅಂದ್ಬಿಟ್ಟೆಯಲ್ಲ,” ಅಂದಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗೇ ಮೊದಲು ಬರುತ್ತಿದ್ದದ್ದು.

ನನಗೆ ಅರ್ಥವಾಗಲಿಲ್ಲ. “ಯಾರು ಬೇಡ ಅಂದದ್ದು?”

“ನೀನೇ ಅಂದ್ಯಂತೆ. ನಿಮ್ಮಣ್ಣ ಹೇಳಿಕಳಿಸಿದ್ನಲ್ಲ, ಅವಳಿಗೆ ಇಷ್ಟ ಇಲ್ಲ ಅಂತ. ಪಾಪ, ನಿನ್ನ ಮನಸ್ಸು ಬದಲಾಗ್ಬೋದು ಅಂತ ಮೇಷ್ಟ್ರು ಆರು ತಿಂಗ್ಳು ಕಾದ್ರು. ಈಗ ರಾಯಲ್ಪಾಡು ಕಡೆ ಹುಡುಗಿ ಗೊತ್ತಾಯ್ತು.”

ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕಿದೆ. ಮುಂದಿನ ತಟ್ಟೆಗೂ ಹಾಕಿದೆ. ಹುಳುಗಳಿಗೆ ಹಸಿವಿತ್ತು, ನಿಲ್ಲಿಸುವಂತಿರಲಿಲ್ಲ. ಅವಳು ಹೋದಮೇಲೆ ಹೊರಗೆ ಬಂದು ಅತ್ತಿಗೆಯನ್ನು ಕೇಳಿದೆ. ಅವಳು ಸುಳ್ಳು ಹೇಳುವವಳಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, “ನೀನು ಹೊಂಟೋದ್ರೆ ಹುಳ ಯಾರು ನೋಡ್ಕೊಳ್ಳೋದು, ನೀನೇ ಹೇಳು. ನಾನು ಮುತ್ತೈದೆ, ಹೂವು ಬಿಡಕ್ಕಾಗ್ತದಾ?” ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿ ಇರಲಿಲ್ಲ.

ಆ ಭಾನುವಾರ ನಾನು ಟಿ.ವಿ. ಮುಂದೆ ಕೂತದ್ದು ಸಿನಿಮಾಕ್ಕಲ್ಲ. ನತ್ತಿನ ಹೆಂಗಸು ಬಂದಳು, ಎಲೆ ಕಿತ್ತಳು, ತಟ್ಟೆ ಎತ್ತಿದಳು. ಅಷ್ಟು ದಿನ ನಾನು ಅವಳನ್ನೇ ನೋಡಿದ್ದೆ. ಅವಳ ನತ್ತು, ಅವಳ ಕೈ, ಅವಳ ನಗು. ಅವತ್ತು ತಟ್ಟೆಯೊಳಗೆ ನೋಡಿದೆ. ಹುಳುಗಳು ನಿಜವಾದವು. ನಾಲ್ಕನೇ ಜ್ವರ ಎದ್ದ ದಪ್ಪ ಹುಳುಗಳು, ಎಲೆಯಂಚು ಹಿಡಿದು ತಲೆಯನ್ನು ಮೇಲಿಂದ ಕೆಳಕ್ಕೆ ಆಡಿಸುತ್ತಾ ಮೇಯುತ್ತಿದ್ದವು. ಅದನ್ನು ನಟನೆ ಮಾಡಿಸಲು ಯಾರಿಂದಲೂ ಆಗುವುದಿಲ್ಲ. ಅವಳ ಮೊಳಗಟ್ಟಲೆ ಮಲ್ಲಿಗೆ ಹೆಗಲ ಮೇಲಿಂದ ಜಾರಿ ತಟ್ಟೆಯ ಪಕ್ಕಕ್ಕೇ ಇಳಿದಿತ್ತು. ಶೂಟಿಂಗಿಗೆಂದು ಮೇಲೆ ಉರಿಯುವ ದೀಪಗಳ ಬಿಸಿ ಬೇರೆ. ಹುಳುಗಳು ಲಕ್ಷ್ಯವಿಲ್ಲದೆ ಮೇಯುತ್ತಿದ್ದವು.

ಆ ಜಾಹೀರಾತಿನಲ್ಲಿ ಹೇಳಬೇಕೆಂದು ಹೇಳಿದ್ದೆಲ್ಲ ಸುಳ್ಳು. ಏನೂ ತಿಳಿಯದೆ ಹೂ ಮುಡಿಸಿದ ತಪ್ಪೊಂದರಲ್ಲಿ ಮಾತ್ರ ನಿಜ ಉಳಿದುಬಿಟ್ಟಿತ್ತು. ಪಡಸಾಲೆಯಲ್ಲಿ ಯಾರೋ ಮತ್ತೆ, ಹೂ ಮುಡ್ಕೊಂಡವ್ಳೆ ನೋಡ್ರೋ, ಅಂದರು. ಈ ಸಲ ನನಗೆ ನಗು ಬರಲಿಲ್ಲ.

ಅಣ್ಣ ಅತ್ತಿಗೆ ಒಂದು ಮದುವೆಗೆ ಹೋದ ದಿನ, ಬಚ್ಚಲ ಹಿಂದಿನ ಮಲ್ಲಿಗೆ ಬಳ್ಳಿಯಿಂದ ಮೊಗ್ಗು ಬಿಡಿಸಿದೆ. ಕಟ್ಟಲು ಬೆರಳಿಗೆ ಮರೆತೇಹೋಗಿತ್ತು, ಗಂಟು ಸಡಿಲವಾಗಿ ಮೊದಲ ಮಾಲೆ ಉದುರಿತು. ಎರಡನೆಯದನ್ನು ಮುಡಿದೆ. ಅಷ್ಟು ವರ್ಷದ ಮೇಲೆ ತಲೆಯಲ್ಲಿ ಅದರ ತಣ್ಣನೆಯ ಭಾರ ಗೊತ್ತಾಯಿತು. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಕನ್ನಡಿ ನೋಡಲಿಲ್ಲ. ಹುಳುಮನೆಯ ಬಾಗಿಲು ತೆಗೆದು ಒಳಗೆ ಹೋಗಿ ತಟ್ಟೆಗಳ ಮೇಲೆ ಬೇಕೆಂದೇ ಬಗ್ಗಿ ಸೊಪ್ಪು ಹಾಕಿದೆ. ಹುಳುಗಳು ಬಂದು ಎಲೆ ಹಿಡಿದವು. ಅಷ್ಟೇ. ಮಾರನೆಯ ದಿನವೂ ಮೇಯ್ದವು. ನಾನು ಸಣ್ಣದಾಗಿ ಕಟ್ಟಿದ ಹೂವನ್ನು ಸೆರಗಿನ ಮರೆಯಲ್ಲಿ ಮುಡಿದು ದಿನಾ ಒಳಗೆ ಹೋದೆ. ಹುಳು ಹಣ್ಣಾಯಿತು, ಬಿದಿರು ಹೆಣೆದ ಚಂದ್ರಿಕೆಗೆ ಏರಿತು, ಗೂಡು ಕಟ್ಟಿತು. ಬೆಳೆ ಬಂತು, ಗಟ್ಟಿ ಗೂಡು.

ಅಣ್ಣ ಮಾರ್ಕೆಟ್ಟಿನಿಂದ ಖುಷಿಯಾಗಿ ಬಂದ. ಕೈಕಾಲು ತೊಳೆದು ಜಗಲಿಯ ಮೇಲೆ ಕೂತಿದ್ದವನ ಮುಂದೆ ನಿಂತು ಹೇಳಿದೆ: “ಈ ಬೆಳೆ ಪೂರ್ತಿ ನಾನು ಹೂ ಮುಡ್ಕೊಂಡೇ ಹುಳುಮನೆಗೆ ಹೋಗಿದೀನಿ. ಏನೂ ಆಗಲಿಲ್ಲ.”

ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಾಡಲಿ ಅಂತಲೇ ಹೇಳಿದ್ದೆ. ಅವನು ತಲೆಯೆತ್ತದೆ, “ಗೊತ್ತು ಕಣಮ್ಮ,” ಅಂದ.

“ಏನ್ ಗೊತ್ತು?”

“ಹೂವಿಂದ ಏನೂ ಆಗಲ್ಲ ಅಂತ. ಹೊಗೆಸೊಪ್ಪು, ಔಷಧಿ ಹೊಡೆದ ಸೊಪ್ಪು, ಅವು ತಗುಲಿದ್ರೆ ಸಾಯ್ತವೆ. ಹೂವು ಗೀವು ಎಲ್ಲಾ ಸುಮ್ನೆ. ಕೋಲಾರದಲ್ಲಿ ಟ್ರೈನಿಂಗ್ ಕೊಟ್ರಲ್ಲ, ಅಲ್ಲೇ ಹೇಳಿದ್ರು.”

“ಯಾವಾಗ?”

“ನೀನು ಬಂದ ವರ್ಷ.”

ಅವನೇ ಮುಂದುವರಿಸಿದ: “ಆಗ ಹೇಳಿದ್ದಿದ್ರೆ ಈ ಮನೇಲಿ ನಿನಗೆ ಏನು ಕೆಲ್ಸ ಇರ್ತಿತ್ತು? ಯಾರಾದ್ರೂ ಒಂದಿನ, ಇವಳ್ಯಾಕೆ ಕೂತು ತಿಂತಾಳೆ ಅಂದ್ಬಿಟ್ರೆ? ಇವಳಿಲ್ದೆ ಹುಳ ಆಗಲ್ಲ ಅಂತಿದ್ರೆ ಯಾರೂ ಏನೂ ಅನ್ನಲ್ಲ, ಅದಕ್ಕೇ ಸುಮ್ನಿದ್ದೆ.”

ಅವನ ದನಿಯಲ್ಲಿ ಮೋಸವಿರಲಿಲ್ಲ. ತಂಗಿಗೆ ಒಂದು ಜಾಗ ಮಾಡಿಕೊಟ್ಟಿದ್ದ, ತನಗೆ ತಿಳಿದ ರೀತಿಯಲ್ಲಿ. ನನ್ನ ಮೇಲೆ ಅವನಿಗೆ ಪ್ರೀತಿಯಿತ್ತು, ಇವತ್ತಿಗೂ ಅದನ್ನು ಅಲ್ಲಗಳೆಯಲಾರೆ. “ಹಾಗಾದ್ರೆ ಮುಳಬಾಗಿಲಿನವರಿಗೆ ಯಾಕೆ ಹಾಗೆ ಹೇಳಿದೆ?” ಅಂದೆ. ಅವನು ಗೂಡಿನ ಖಾಲಿ ಚೀಲಗಳನ್ನು ಒಂದೊಂದಾಗಿ ಕೊಡವಿ ಮಡಿಸತೊಡಗಿದ. ಕೊನೆಯ ಚೀಲವನ್ನೂ ಮಡಿಸಿಟ್ಟ. ನಾನು ಬೀಗದಕೈ ಬಿಚ್ಚಿ ಅವನ ಪಕ್ಕ ಇಟ್ಟೆ.

ಮಾಲೂರಿನ ಹತ್ತಿರ ಒಂದು ಬಾಲವಾಡಿಯಲ್ಲಿ ಟೀಚರ್ ಬೇಕಾಗಿದ್ದರು, ಹಳೇ ಗೆಳತಿಯೊಬ್ಬಳು ಹೇಳಿದ್ದಳು. ಆ ತಿಂಗಳೇ ಹೋದೆ. ಒಂದು ಕೋಣೆ, ಒಂದು ಸ್ಟೌವ್, ಮಧ್ಯಾಹ್ನದವರೆಗೆ ಮಕ್ಕಳ ಗದ್ದಲ. ಮಧ್ಯಾಹ್ನದ ಮೇಲೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಹೂವನ್ನು ಯಾರ ಭಯವಿಲ್ಲದೆ ಮುಡಿಯಬಹುದಿತ್ತು, ಮುಡಿದೆ ಕೂಡ. ನೋಡುವವರಿರಲಿಲ್ಲ, ಬೇಡ ಅನ್ನುವವರೂ ಇರಲಿಲ್ಲ. ರಾತ್ರಿ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಿಗೆ ಸರಿಯಾಗಿ ನನಗೆ ಎಚ್ಚರವಾಗುತ್ತಿತ್ತು, ಎದ್ದು ಕೂರುತ್ತಿದ್ದೆ.

ಊರಿನಲ್ಲಿ ಅತ್ತಿಗೆ ಹೆದರಿಕೊಂಡೇ ಹುಳುಮನೆಗೆ ಇಳಿದಿದ್ದಳಂತೆ, ತಲೆಯಲ್ಲಿ ಹೂವು ಇಟ್ಟುಕೊಂಡೇ. ಬೆಳೆ ಕೆಡುತ್ತದೆ, ಆಗ ಅಣ್ಣ ನನ್ನನ್ನು ಕರೆಯಲು ಬರುತ್ತಾನೆ ಅಂತ ನಾನು ಕಾದೆ. ಹೌದು, ಕಾದೆ. ಹೂವಿನಿಂದ ಏನೂ ಆಗುವುದಿಲ್ಲ ಅಂತ ಕೈಯಾರೆ ಪರೀಕ್ಷೆ ಮಾಡಿ ತೋರಿಸಿದವಳು ನಾನು. ಆದರೂ ಒಂದೇ ಒಂದು ತಟ್ಟೆಯಾದರೂ ಕೆಡಲಿ ಅಂತ ಮನಸ್ಸು ಕೇಳುತ್ತಿತ್ತು. ನನ್ನ ಕೈಯಲ್ಲಿ ಏನೋ ಇತ್ತು, ಹೂವು ಇಲ್ಲದ್ದರಿಂದಲ್ಲ, ನನ್ನ ಕೈಯಾದ್ದರಿಂದ ಅಂತ ಯಾರಾದರೂ ಹೇಳಲಿ ಅಂತ.

ಅಣ್ಣ ಒಂದು ದಿನ ಬಂದೇ ಬಂದ. ಬಾಲವಾಡಿಯ ಬೇವಿನ ಮರದ ಕೆಳಗೆ ನಿಂತಿದ್ದ, ಕೈಯಲ್ಲಿ ಮಾವಿನಕಾಯಿಯ ಚೀಲ. ಮಕ್ಕಳನ್ನು ಬಿಟ್ಟು ಓಡಿಹೋದೆ. ಮೊದಲ ಮಾತಿಗೇ ಕೇಳಿದೆ, ಹುಳು ಹೇಗಾಯಿತು ಅಂತ.

“ಚೆನ್ನಾಗಿ ಬಂತು ಕಣಮ್ಮ,” ಅಂದ ಅಣ್ಣ, ನನಗೆ ಸಮಾಧಾನವಾಗಲಿ ಅಂತ. “ನೀನಿದ್ದಾಗ ಬರ್ತಿತ್ತಲ್ಲ, ಹಂಗೇ.”